ಫ್ಲಾರೆನ್ಸಿನಲ್ಲಿ ಎಲ್ಲಿ ತಂಗಬೇಕು?

ಇಟಲಿಗೆ ಹೊರಟ ಪರಿಚಿತರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಫ್ಲಾರೆನ್ಸಿನ ಹಳೆಯ ನಗರದೊಳಗೇ ಕಡಿಮೆ ದರದ ಒಳ್ಳೆಯ ಹೋಟೆಲ್ ಯಾವುದು?’ ಒಂದು ಹೆಸರು ಹೇಳಿ ಸುಮ್ಮನಾಗಬಹುದು. ಆದರೆ ಪ್ರವಾಸಿ ಎಲ್ಲಿ ಮಲಗುತ್ತಾನೆ ಎಂಬುದು ಇಂದು ಆ ನಗರದ ಅಳಿವು ಉಳಿವಿನ ಸಂಗತಿಯೂ ಆಗಿದೆ.

ನಮ್ಮವರು ಮೊದಲು ನೋಡುವುದು ನಕ್ಷತ್ರಗಳನ್ನು. ಇಟಲಿಯಲ್ಲಿ ಪ್ರಾಂತೀಯ ನಿಯಮಗಳ ಪ್ರಕಾರ ಕೊಠಡಿಯ ಅಳತೆ, ಸ್ನಾನಗೃಹ, ಸ್ವಾಗತ ಕೌಂಟರ್ ತೆರೆದಿರುವ ಅವಧಿ ಮೊದಲಾದ ಸೌಕರ್ಯಗಳನ್ನು ಎಣಿಸಿ ನಕ್ಷತ್ರ ಕೊಡುತ್ತಾರೆ. ಐನೂರು ವರ್ಷದ ಕಲ್ಲುಗೋಡೆಗಾಗಲಿ, ಮರದ ತೊಲೆಗಳ ಚಾವಣಿಗಾಗಲಿ ಅಲ್ಲಿ ಅಂಕವಿಲ್ಲ. ಪಾರಂಪರಿಕ ಕಟ್ಟಡವನ್ನು ಮನಬಂದಂತೆ ಒಡೆದು ಲಿಫ್ಟ್ ಕೂರಿಸಲು ಅನುಮತಿಯೂ ಸುಲಭವಲ್ಲ. ಹೀಗಾಗಿ ಎಷ್ಟೋ ಸುಂದರ ಮನೆಗಳು ಎರಡು ನಕ್ಷತ್ರಕ್ಕೇ ನಿಂತಿವೆ. ನಗರಸಭೆ ತಲೆಗೆ, ರಾತ್ರಿಗೆ ಇಷ್ಟೆಂದು ವಸೂಲು ಮಾಡುವ ಪ್ರವಾಸಿ ತೆರಿಗೆಯೂ ನಕ್ಷತ್ರ ಇಳಿದಂತೆ ಇಳಿಯುತ್ತದೆ.

ನಾನು ಮೊದಲ ಸಲ ಹೋದಾಗ ಕತೀಡ್ರಲ್‌ನ ಮಗ್ಗುಲಲ್ಲೇ ಬಾಡಿಗೆ ಫ್ಲ್ಯಾಟ್ ಹಿಡಿದಿದ್ದೆ. ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಸಂಖ್ಯೆ ಒತ್ತಿದರೆ ಬೀಗದ ಕೈ. ರಾತ್ರಿ ನಲ್ಲಿ ಸೋರತೊಡಗಿದಾಗ ಕೇಳುವವರಿರಲಿಲ್ಲ. ಮಾಲೀಕ ಬೇರೆ ಊರಿನವನು. ಎದುರು ಬಾಗಿಲು ತಟ್ಟಿದೆ. ಅಲ್ಲಿದ್ದವರೂ ನನ್ನಂತೆ ಎರಡು ದಿನದ ಅತಿಥಿಗಳು. ಎಂಟು ಬಾಗಿಲುಗಳ ಆ ಕಟ್ಟಡದಲ್ಲಿ ಊರಿನವರೆಂಬುವರು ಒಬ್ಬರೂ ಇರಲಿಲ್ಲ!

ಎರಡನೆಯ ಸಲ ಆರ್ನೊ ನದಿಯಾಚೆ, ಕುಶಲಕರ್ಮಿಗಳ ಬಡಾವಣೆಯೆಂದೇ ಹೆಸರಾದ ಓಲ್ತ್ರಾರ್ನೊದಲ್ಲಿ, ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಉಳಿದೆ. ಒಂಬತ್ತು ಕೊಠಡಿಗಳ, ಕುಟುಂಬವೊಂದು ನಡೆಸುವ ವಸತಿಗೃಹ. ಹಳಬರು ಇಂಥದ್ದನ್ನು ‘ಪೆನ್ಸಿಯೋನೆ’ ಎನ್ನುತ್ತಿದ್ದರು. ಯಜಮಾನತಿ 1966ರ ನವೆಂಬರ್ 4ರ ಮಹಾಪ್ರವಾಹದ ನೀರು ಕೆಳಗಿನ ಹಜಾರದಲ್ಲಿ ಎಲ್ಲಿಯವರೆಗೆ ಏರಿತ್ತೆಂದು ಕೈಯೆತ್ತಿ ತೋರಿಸಿದರು. ಬೆಳಿಗ್ಗೆ ಸಾಂತೊ ಸ್ಪಿರಿತೊ ಚರ್ಚಿನ ಗಂಟೆ, ಅದರ ಬೆನ್ನಿಗೇ ಓಣಿಯ ಬಡಗಿಯ ಉಜ್ಜುಗೊರಡಿನ ಸದ್ದು. ಬಾಡಿಗೆ ಫ್ಲ್ಯಾಟಿಗಿಂತ ತುಸು ಹೆಚ್ಚೇ ಕೊಟ್ಟೆ. ದುಬಾರಿ ಎನಿಸಲಿಲ್ಲ.

ನದಿ ಕಾಣುವ ಕೊಠಡಿಯ ವ್ಯಾಮೋಹ ಹಳೆಯದು. ಮುಂದೆ ‘ಎ ಪ್ಯಾಸೇಜ್ ಟು ಇಂಡಿಯಾ’ ಬರೆದ ಇ. ಎಂ. ಫಾರ್ಸ್ಟರ್ 1908ರಲ್ಲಿ ಪ್ರಕಟಿಸಿದ ಕಾದಂಬರಿ ‘ಎ ರೂಂ ವಿತ್ ಎ ವ್ಯೂ’ ಆರಂಭವಾಗುವುದೇ ಇದೇ ಊರಿನ ಪೆನ್ಸಿಯೋನೆಯೊಂದರಲ್ಲಿ, ಆರ್ನೊ ಕಾಣದ ಕೊಠಡಿ ಸಿಕ್ಕಿತೆಂಬ ದೂರಿನಿಂದ. ನನ್ನ ಮಾತು ಕೇಳುವುದಾದರೆ ಒಳ ಅಂಗಳದ ಕಡೆಯ ಕೊಠಡಿ ಕೇಳಿ. ನಿದ್ದೆ ಬರುತ್ತದೆ, ದರವೂ ಸಾಮಾನ್ಯವಾಗಿ ಕಡಿಮೆ. ನದಿಯನ್ನು ಸಾಂತಾ ತ್ರಿನಿತಾ ಸೇತುವೆಯ ಮೇಲೆ ನಿಂತು ಬಿಟ್ಟಿಯಾಗಿ ನೋಡಬಹುದು. ಇನ್ನೂ ಸರಳವಾದದ್ದು ಸಾಕೆನ್ನುವವರಿಗೆ ಸನ್ಯಾಸಿನಿಯರ ಮಠಗಳ ಅತಿಥಿಗೃಹಗಳಿವೆ. ಹಲವೆಡೆ ರಾತ್ರಿ ಇಂತಿಷ್ಟು ಹೊತ್ತಿಗೆ ಬಾಗಿಲು ಹಾಕುತ್ತಾರೆ, ಅಷ್ಟೆ.

ಅಡುಗೆಮನೆ ಬೇಕೆಂದೇ ನಮ್ಮ ಸಸ್ಯಾಹಾರಿ ಕುಟುಂಬಗಳು ಫ್ಲ್ಯಾಟ್ ಹಿಡಿಯುತ್ತವೆ. ಅದನ್ನು ತಳ್ಳಿಹಾಕಲಾರೆ, ಮಕ್ಕಳಿಗೆ ಮೊಸರನ್ನ ಬೇಕೇ ಬೇಕು. ಆದರೆ ಫ್ಲ್ಯಾಟುಗಳ ಹಾವಳಿ ಎಲ್ಲಿಗೆ ಮುಟ್ಟಿತೆಂದರೆ, 1982ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ತನ್ನ ಐತಿಹಾಸಿಕ ಕೇಂದ್ರದಲ್ಲಿ ಹೊಸ ಅಲ್ಪಾವಧಿ ಬಾಡಿಗೆ ಮನೆಗಳನ್ನು ನಗರಾಡಳಿತ 2023ರ ಅಕ್ಟೋಬರ್‌ನಲ್ಲಿ ನಿಷೇಧಿಸಬೇಕಾಯಿತು. ಆಗಲೇ ಇದ್ದವುಗಳಿಗೆ ಅದು ಅನ್ವಯಿಸಲಿಲ್ಲ. ಬಾಡಿಗೆ ತೆರಲಾಗದೆ ಊರಿನವರು ಹೊರವಲಯಕ್ಕೆ ಸರಿದರೆ ಬೇಕರಿ, ಚಮ್ಮಾರನ ಅಂಗಡಿಗಳೂ ಅವರ ಹಿಂದೆಯೇ ಹೋಗುತ್ತವೆ. ಹೋಟೆಲಿನಿಂದ ಈ ಒತ್ತಡ ಬರುವುದೇ ಇಲ್ಲವೆನ್ನುವಂತಿಲ್ಲ. ಆದರೂ ಅಲ್ಲಿ ರಾತ್ರಿ ಪಾಳಿಯವನಿಗೆ, ಹಾಸಿಗೆ ಹಾಸುವವಳಿಗೆ ಸಂಬಳವಿದೆ, ಊರಿಗೆ ಗೊತ್ತಿರುವ ಒಂದು ಮುಖವಿದೆ.

ಕಾಯ್ದಿರಿಸುವ ಮುನ್ನ ಎಷ್ಟನೇ ಮಹಡಿ, ಲಿಫ್ಟ್ ಇದೆಯೇ ಎಂದು ಕೇಳಿ. ಅಲ್ಲಿಯವರು ನೆಲಮಹಡಿಯನ್ನು ಎಣಿಸುವುದಿಲ್ಲ. ನನ್ನ ಮೂರನೇ ಮಹಡಿಗೆ ಎಪ್ಪತ್ತೆರಡು ಮೆಟ್ಟಿಲುಗಳಿದ್ದವು. ಪೆಟ್ಟಿಗೆ ಒಂದೇ ಇರಲಿ, ಅದೂ ಹಗುರವಾಗಿರಲಿ.