ಗಿಲ್ಟ್ ಫ್ರೀ ರಾಗಿ ಲಡ್ಡು

ಹೋದ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘ ಹಾಕಿದ್ದ ತಿಂಡಿ ಸ್ಟಾಲ್ ನೆನಪಿದೆಯಾ? ಅದರ ಮುಂದೆ ಬಣ್ಣದ ಚಾರ್ಟ್ ಮೇಲೆ 'ಗಿಲ್ಟ್ ಫ್ರೀ ರಾಗಿ ಲಡ್ಡು' ಅಂತ ದೊಡ್ಡದಾಗಿ ಬರೆದಿತ್ತು. ಬರೆದವನು ನಾನೇ. ಆಗ ಫಸ್ಟ್ ಸೆಮ್. ಸೀನಿಯರ್‌ಗಳು ಭೇಷ್ ಅಂದ್ರು, ಲಡ್ಡು ಎರಡು ಗಂಟೆಯಲ್ಲಿ ಖಾಲಿ. ಈಗ ಆ ಫೋಟೋ ನೋಡಿದ್ರೆ ನಾಚಿಕೆ ಆಗುತ್ತೆ. ರಾಗಿ ಲಡ್ಡು ತಿಂದ್ರೆ ಗಿಲ್ಟ್ ಇಲ್ಲ ಅಂದ್ರೆ, ಪಕ್ಕದಲ್ಲಿ ಮೈಸೂರು ಪಾಕ್ ತಿಂತಾ ನಿಂತವನು ಏನೋ ತಪ್ಪು ಮಾಡಿದ ಅಂತ ತಾನೇ ಅರ್ಥ?

ನಮ್ಮೂರು ಚಳ್ಳಕೆರೆ. ಎಣ್ಣೆ ಮಿಲ್ಲುಗಳಿಂದಾನೇ ಹೆಸರಾದ ಊರು. ಅಪ್ಪ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಲೆಕ್ಕ ಬರೀತಾರೆ, ಸಂಜೆ ಮನೆಗೆ ಬಂದ್ರೆ ಅವರ ಅಂಗಿಯಲ್ಲಿ ಹಿಂಡಿ ವಾಸನೆ. ಅಂಥ ಮನೆ ಹುಡುಗ ಹಾಸ್ಟೆಲ್ ಮೆಸ್‌ನಲ್ಲಿ ಕೂತು ಪಲ್ಯದ ಮೇಲಿನ ಎಣ್ಣೆಯನ್ನ ಟಿಶ್ಯೂ ಪೇಪರ್‌ನಿಂದ ಒತ್ತಿ ತೆಗೀತಿದ್ದ. ಅಮ್ಮನ ತವರು ಮೊಳಕಾಲ್ಮೂರು. ಮಾವ ರೇಷ್ಮೆ ಸೀರೆ ನೇಯ್ತಾರೆ. ಅಲ್ಲಿಗೆ ಹೋದ್ರೆ ಅತ್ತೆ ಬಾಗಿಲಲ್ಲೇ "ಏನೋ, ಹಿಂಗೆ ಊದ್ಕಂಡಿದೀಯ" ಅಂತಾರೆ. ಎಲೆ ಮುಂದೆ ಕೂತ ಮೇಲೆ ಅದೇ ಅತ್ತೆ, "ಇನ್ನೊಂದು ಹಾಕ್ಕಳೋ, ವಯಸ್ಸಿನ ಹುಡುಗ, ಏನೂ ಆಗಲ್ಲ." ಎರಡೂ ಪ್ರೀತಿಯಿಂದಾನೇ. ತಿಂದ್ರೂ ತಪ್ಪು, ಬೇಡ ಅಂದ್ರೂ ತಪ್ಪು.

ತೂಕ ಇಳಿಸೋ ಅಗತ್ಯ ಇರ್ಲಿಲ್ಲ ಅಂತ ನಾನು ಹೇಳ್ತಿಲ್ಲ. ಸಂಕ್ರಾಂತಿ ಹೊತ್ತಿಗೆ 84 ಕೆಜಿ ಇದ್ದೆ, ಎತ್ತರ 172 ಸೆಂಟಿಮೀಟರ್. ಲೆಕ್ಕ ಹಾಕಿದ್ರೆ ಬಿಎಂಐ 28.4. ಭಾರತೀಯರಿಗೆ 23 ದಾಟಿದ್ರೇ ತೂಕ ಹೆಚ್ಚು, 25 ದಾಟಿದ್ರೆ ಬೊಜ್ಜು ಅಂತ ವೈದ್ಯರು ಗೆರೆ ಹಾಕಿದ್ದಾರೆ. ಅಪ್ಪನಿಗೆ ಶುಗರ್ ಬೇರೆ ಇದೆ. ಸರಿ, ಒಂದು ಆ್ಯಪ್ ಹಾಕ್ಕೊಂಡೆ. ವಾರಕ್ಕೆ ಒಂದು ಕೆಜಿ ಇಳೀಬೇಕು ಅಂತ ಒತ್ತಿದೆ. ದಿನಕ್ಕೆ 1500 ಕ್ಯಾಲೊರಿ ಅಂತು. ಅದರೊಳಗಿದ್ರೆ ಹಸಿರು, ದಾಟಿದ್ರೆ ಕೆಂಪು.

ಮೊದಲ ವಾರಗಳಲ್ಲಿ ಬರೀ ಹಸಿರು. ಆಮೇಲೆ ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಬಂತು. ನಮ್ಮ ಅಜ್ಜಿ ಊರು ಅಲ್ಲೇ ಹತ್ತಿರ. ರಥ ನೋಡಿ ಬಂದು ಮೂರು ಹೋಳಿಗೆ ತಿಂದೆ, ತುಪ್ಪ ಹಾಕ್ಕೊಂಡೇ. ಬೆಳಗ್ಗೆ ಹಾಸ್ಟೆಲ್‌ಗೆ ಬಂದು ತೂಕ ನೋಡಿದ್ರೆ 1.4 ಕೆಜಿ ಜಾಸ್ತಿ! ಅವತ್ತು ತಿಂಡಿ ಬಿಟ್ಟೆ, ಊಟ ಬಿಟ್ಟೆ, ಸಂಜೆ ಗ್ರೌಂಡ್‌ನಲ್ಲಿ ಕಣ್ಣು ಕತ್ತಲೆ ಬರೋವರೆಗೂ ಓಡಿದೆ. ರಾತ್ರಿ ಅಜ್ಜಿ ಫೋನ್ ಮಾಡಿ "ಉಂಡೇನೋ?" ಅಂದ್ರೆ "ಹೂಂ ಅಜ್ಜಿ, ಉಂಡೆ" ಅಂದೆ. ಹನ್ನೊಂದು ಗಂಟೆಗೆ ಗೇಟ್ ಪಕ್ಕದ ಗಾಡಿಯಿಂದ ಎರಡು ಪೊಟ್ಟಣ ಮಂಡಕ್ಕಿ ಒಗ್ಗರಣೆ, ಆರು ಮಿರ್ಚಿ ಕಟ್ಟಿಸ್ಕೊಂಡು ಬಂದು, ರೂಮ್‌ಮೇಟ್ ಮಲಗಿದ ಮೇಲೆ, ಕತ್ತಲಲ್ಲಿ ತಿಂದೆ. ರುಚಿ ಗೊತ್ತಾಗಲಿಲ್ಲ. ಎಣ್ಣೆ ಕಾಗದ ಲ್ಯಾಪ್‌ಟಾಪ್ ಬ್ಯಾಗ್‌ನಲ್ಲಿ ಬಚ್ಚಿಟ್ಟೆ. ಆಮೇಲೆ ಇದು ವಾರಕ್ಕೆ ಎರಡು ಸಲ, ಮೂರು ಸಲ ಆಯ್ತು. ಆ ರಾತ್ರಿಗಳನ್ನ ಆ್ಯಪ್‌ನಲ್ಲಿ ಬರೀತಿರ್ಲಿಲ್ಲ.

ಈಗ ಆ 1.4 ಕೆಜಿ ಲೆಕ್ಕ ನೋಡಿ, ಎಂಜಿನಿಯರಿಂಗ್ ಓದೋರು ತಾನೇ ನಾವು. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7700 ಕ್ಯಾಲೊರಿ. 1.4 ಕೆಜಿಗೆ 10,780. ನೂರು ಗ್ರಾಂ ಶೇಂಗಾದಲ್ಲಿ ಹೆಚ್ಚುಕಮ್ಮಿ 567 ಕ್ಯಾಲೊರಿ ಇರುತ್ತೆ. ಅಂದ್ರೆ ಒಂದೇ ದಿನದಲ್ಲಿ, ಮಾಮೂಲಿ ಊಟದ ಮೇಲೆ, 1.9 ಕೆಜಿ ಶೇಂಗಾ ಬೀಜ ತಿಂದಿದ್ರೆ ಮಾತ್ರ ಅಷ್ಟು ಕೊಬ್ಬು ಬೆಳೀಬೇಕು. ಮೂರು ಹೋಳಿಗೆಗೆ ಸಾಧ್ಯವೇ ಇಲ್ಲ. ಅದು ನೀರು, ಉಪ್ಪು, ಹೊಟ್ಟೆಯಲ್ಲಿ ಇನ್ನೂ ಇದ್ದ ಊಟ. ಸಿಹಿ, ಅನ್ನ ತಿಂದಾಗ ದೇಹ ಗ್ಲೈಕೋಜನ್ ಕೂಡಿಡುತ್ತೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತೆ. ಲ್ಯಾಬ್‌ನಲ್ಲಿ ಸೆನ್ಸರ್ ಒಂದು ರೀಡಿಂಗ್ ಎಗರಿಸಿದ್ರೆ 'ನಾಯ್ಸ್' ಅಂತ ಪಕ್ಕಕ್ಕಿಟ್ಟು ಆ್ಯವರೇಜ್ ತಗೋತೀವಿ. ನನ್ನ ದೇಹದ ಒಂದು ರೀಡಿಂಗ್‌ಗೆ ಮಾತ್ರ ಇಡೀ ದಿನ ಶಿಕ್ಷೆ ಕೊಟ್ಟೆ.

ರಾತ್ರಿ ಕದ್ದು ತಿನ್ನೋದು ನನ್ನ ಕ್ಯಾರೆಕ್ಟರ್ ದೋಷ ಅಂದ್ಕೊಂಡಿದ್ದೆ. ಆಮೇಲೆ ಮಿನಿಸೋಟ ಪ್ರಯೋಗದ ಬಗ್ಗೆ ಓದಿದೆ. 1944ರ ಕೊನೆಯಲ್ಲಿ ಅಮೆರಿಕದ ಮಿನಿಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಶುರು ಮಾಡಿದ್ದು. ಯುದ್ಧ ಮಾಡಲ್ಲ ಅಂದಿದ್ದ 36 ಜನ ಆರೋಗ್ಯವಂತ ಯುವಕರು ತಾವಾಗೇ ಬಂದಿದ್ರು. 24 ವಾರ ಅವರಿಗೆ ದಿನಕ್ಕೆ ಸುಮಾರು 1570 ಕ್ಯಾಲೊರಿ ಊಟ, ವಾರಕ್ಕೆ 22 ಮೈಲಿ ನಡಿಗೆ. ಹೌದು, ನನ್ನ ಆ್ಯಪ್ ಕೊಟ್ಟ ಅಂಕಿಗಿಂತ 70 ಜಾಸ್ತಿ! ತೂಕ ಕಾಲು ಭಾಗದಷ್ಟು ಇಳೀತು. ಆದ್ರೆ ಅವರ ತಲೆಯಲ್ಲಿ ಊಟ ಬಿಟ್ಟು ಬೇರೇನೂ ಉಳೀಲಿಲ್ಲ. ಅಡುಗೆ ಪುಸ್ತಕ ಕೂಡಿಟ್ಟು ಓದ್ತಿದ್ರು, ತಟ್ಟೆ ನೆಕ್ತಿದ್ರು, ಕೆಲವರು ಹೊರಗೆ ಹೋಗಿ ಕದ್ದು ತಿಂದು ಸಿಕ್ಕಿಬಿದ್ರು. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದ್ರೂ ಕೆಲವರಿಗೆ ಹೊಟ್ಟೆ ತುಂಬಿದ ಹಾಗೇ ಅನ್ನಿಸ್ತಿರ್ಲಿಲ್ಲ. ಅವರು ತೆಳ್ಳಗಿದ್ದವರು, ನಾನಲ್ಲ, ಹೋಲಿಕೆ ಪೂರ್ತಿ ಸರಿಯಲ್ಲ. ಆದ್ರೂ ಆ ಕತ್ತಲಲ್ಲಿ ಮಿರ್ಚಿ ತಿಂತಿದ್ದವನು ಯಾರು ಅಂತ ಅರ್ಥ ಆಯ್ತು. (ಬಿಎಂಐಗೆ 1972ರಲ್ಲಿ ಆ ಹೆಸರು ಕೊಟ್ಟವರೂ ಇದೇ ಕೀಸ್.)

ಯುಗಾದಿಗೆ ಊರಿಗೆ ಹೋದಾಗ ಹೋಳಿಗೆ ಮುಂದೆ ಸುಮ್ಮನೆ ಕೂತಿದ್ದೆ. ಅಜ್ಜಿ ಯಾಕೋ ಅಂದ್ಲು. ಇಂಗ್ಲಿಷ್ ಮೀಡಿಯಂ ಹುಡುಗ, ಗಿಲ್ಟ್‌ಗೆ ಕನ್ನಡ ಹುಡುಕಿ ಹುಡುಕಿ, "ತಿಂದ ಮೇಲೆ ಪಾಪ ಮಾಡ್ದಂಗೆ ಅನ್ಸುತ್ತೆ ಅಜ್ಜಿ" ಅಂದೆ. ಅವಳು ನನ್ನ ಮುಖ ನೋಡಿ ಕೇಳಿದ್ಲು: "ಯಾರದ್ದು ಕದ್ದು ಉಂಡೆ?"

ಅವಳಿಗೆ ನಿಜವಾಗಲೂ ಡೌಟು. ಬರಗಾಲ ಕಂಡವಳು ಅವಳು. ಇನ್ನೊಬ್ಬರ ಪಾಲಿನದು ತಿಂದ್ರೆ ಪಾಪ, ಹಸಿದವರ ಮುಂದೆ ಒಬ್ಬನೇ ತಿಂದ್ರೆ ಪಾಪ, ಎಲೆಯಲ್ಲಿ ಬಿಟ್ಟು ಎದ್ರೂ ಪಾಪ. ನಿನ್ನ ಎಲೆಯದನ್ನ ನೀನು ಉಂಡ್ರೆ ಪಾಪ ಎಲ್ಲಿಂದ ಬಂತು? ಹಾಗಂತ ಹೊಟ್ಟೆಗೆ ಕಡಿವಾಣ ಗೊತ್ತಿಲ್ಲದವಳೇನಲ್ಲ. ಪ್ರತಿ ಸೋಮವಾರ ಒಪ್ಪತ್ತು ಇರ್ತಾಳೆ. ಆದ್ರೆ ಒಪ್ಪತ್ತಿಗೆ ಒಂದು ಕೊನೆ ಇದೆ. ರಾತ್ರಿ ಆಯ್ತಾ, ಎಲ್ಲರ ಜೊತೆ ಕೂತು ನೆಮ್ಮದಿಯಾಗಿ ಉಣ್ತಾಳೆ, ಮಂಗಳವಾರ ಅದರ ಬಡ್ಡಿ ಕಟ್ಟಲ್ಲ. ನನ್ನ ಡಯಟ್‌ಗೆ ಆ ಕೊನೆಯೇ ಇರ್ಲಿಲ್ಲ.

ನನ್ನ ಫೋನ್ ವಾಲ್‌ಪೇಪರ್‌ನಲ್ಲಿ ನಾಯಕನಹಟ್ಟಿ ಸ್ವಾಮಿಯ 'ಮಾಡಿದಷ್ಟು ನೀಡು ಭಿಕ್ಷೆ' ಇತ್ತು. ಓಡಿದಷ್ಟು ಮಾತ್ರ ತಿನ್ನು ಅಂತ ನಾನು ಅರ್ಥ ಮಾಡ್ಕೊಂಡಿದ್ದೆ. ಅಜ್ಜಿಗೆ ಹೇಳಿದ್ರೆ ನಕ್ಕಳು. ಸ್ವಾಮಿ ಕೆರೆ ಕಟ್ಟಿಸಿದವರು, ಮಣ್ಣು ಹೊತ್ತವನಿಗೆ ಕೂಲಿ ತಪ್ಪಬಾರದು ಅಂತ ಆ ಮಾತು, ಅಂದ್ಲು. ಕೊಡಬೇಕು ಅನ್ನೋ ಮಾತನ್ನ ನಾನು ಕಿತ್ಕೊಳ್ಳೋದಕ್ಕೆ ಬಳಸ್ತಿದ್ದೆ.

ಗಿಲ್ಟ್ ಇಲ್ದಿದ್ರೆ ಕಂಟ್ರೋಲ್ ಹೋಗುತ್ತೆ ಮಗಾ, ಅಂತ ನನ್ನ ಜಿಮ್ ದೋಸ್ತ್ ವಾದ. ನನ್ನ ಅನುಭವ ಉಲ್ಟಾ. ಗಿಲ್ಟ್ ಇದ್ದಾಗಲೇ ಕಂಟ್ರೋಲ್ ಹೋಗಿದ್ದು. 'ಹೆಂಗೂ ಕೆಂಪಾಯ್ತು, ಇವತ್ತು ಹೋಗ್ಲಿ' ಅನ್ನೋ ಆ ಒಂದು ಯೋಚನೆ ಇದೆಯಲ್ಲ, ಮೂರು ಹೋಳಿಗೆಗಿಂತ ಅದೇ ನನ್ನನ್ನ ದಪ್ಪ ಮಾಡಿದ್ದು. ಅಪ್ಪನ ಜೊತೆ ಆಸ್ಪತ್ರೆಗೆ ಹೋದಾಗ ಅಲ್ಲಿನ ಆಹಾರತಜ್ಞೆ 1500ನ್ನ 2000 ಮಾಡಿದ್ರು, ಯಾವ ಹೊತ್ತೂ ಬಿಡಬೇಡ ಅಂದ್ರು. ಬಣ್ಣ ತೋರಿಸೋ ಆ್ಯಪ್ ತೆಗೆದು ಎಕ್ಸೆಲ್ ಶೀಟ್ ಮಾಡಿದೆ, ವಾರದ ಸರಾಸರಿ ಮಾತ್ರ ನೋಡ್ತೀನಿ. ಮಿರ್ಚಿ ಈಗಲೂ ತಿಂತೀನಿ, ಎರಡು, ಸಂಜೆ, ಎಲ್ಲರೆದುರಿಗೆ. ಏಳು ತಿಂಗಳಲ್ಲಿ 79ಕ್ಕೆ ಬಂದಿದೀನಿ. ವೇಗ ಕಮ್ಮಿ, ಗೊತ್ತು. ಮೊದಲ ಎರಡು ತಿಂಗಳು ಇಳಿದಿದ್ದೆಲ್ಲ ವಾಪಸ್ ಬಂದಿತ್ತು ಅನ್ನೋದೂ ಗೊತ್ತು.

ಇದನ್ನ ಓದ್ತಿರೋರಲ್ಲಿ ಯಾರಾದ್ರೂ ಕದ್ದು ತಿಂದು ಆಮೇಲೆ ಬೇಕಂತಲೇ ವಾಂತಿ ಮಾಡ್ತಿದ್ರೆ, ದಿನಗಟ್ಟಲೆ ಊಟ ಬಿಡ್ತಿದ್ರೆ, ಅದು ಕಾಯಿಲೆ, ಎಕ್ಸೆಲ್ ಶೀಟ್‌ಗೆ ಬಗ್ಗಲ್ಲ. ಡಾಕ್ಟರ್‌ಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್‌ಗೆ 14416 ಒತ್ತಿದ್ರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹುಡುಗರಿಗೂ ಬರುತ್ತೆ ಇದು, ನಾವು ಹೇಳ್ಕೊಳ್ಳಲ್ಲ ಅಷ್ಟೇ.

ಈ ನವೆಂಬರ್‌ಗೂ ಸ್ಟಾಲ್ ಇದೆ, ಬೋರ್ಡ್ ಬರೆಯೋ ಕೆಲಸ ಮತ್ತೆ ನನಗೇ ಬಂದಿದೆ. 'ರಾಗಿ ಲಡ್ಡು, 15 ರೂಪಾಯಿ' ಅಂತ ಬರೀತೀನಿ. ಪಕ್ಕದಲ್ಲಿ ಮೈಸೂರು ಪಾಕೂ ಇಡೋಣ ಅಂತ ಕಮಿಟಿಗೆ ಹೇಳಿದೀನಿ.