ಗುಟ್ಟು ಮತ್ತು ಕೂಟಲೇಖ

ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಸತ್ಯಾಣುವ್ರತದ ಈ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಇವುಗಳಲ್ಲಿ ಎರಡು, ಪರರ ಗುಟ್ಟನ್ನು ಬಯಲಿಗೆಳೆಯುವ ದೋಷಗಳು. ಸುಳ್ಳು ದಾಖಲೆ ಬರೆಯುವ ಕೂಟಲೇಖವೂ ಅವುಗಳ ನಡುವೆಯೇ ಇದೆ. ಗುಟ್ಟು ಬಿಚ್ಚುವವನೂ ಸುಳ್ಳು ಬರೆಯುವವನೂ ಒಂದೇ ಪಂಕ್ತಿಯಲ್ಲಿ! ಸರ್ಕಾರಿ ಕಡತಗಳನ್ನು ಯಾರಿಗೆ, ಎಷ್ಟು ತೋರಿಸಬೇಕೆಂಬ ಇಂದಿನ ಚರ್ಚೆಗೆ ಈ ಪಂಕ್ತಿ ಬಹಳ ಹತ್ತಿರದ್ದು.

ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ, ಇಲ್ಲವೆ ಒಬ್ಬರ ಖಾಸಗಿ ಬದುಕನ್ನು ವಿನಾಕಾರಣ ಕೆದಕುವ ಮಾಹಿತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ತಡೆಯುತ್ತಿತ್ತು. ವಿಶಾಲ ಸಾರ್ವಜನಿಕ ಹಿತವಿದ್ದರೆ ಅದಕ್ಕೂ ವಿನಾಯಿತಿಯಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಷರತ್ತುಗಳನ್ನೆಲ್ಲ ತೆಗೆದುಹಾಕಿ, ‘ವೈಯಕ್ತಿಕ ಮಾಹಿತಿ’ ಎಂಬಷ್ಟನ್ನೇ ಉಳಿಸಿತು.

ಪರರ ನೋವನ್ನು ಮುಚ್ಚಿಡುವುದು ಧರ್ಮವೇ. ಪ್ರಾಣಿಗಳಿಗೆ ಪೀಡೆ ತರುವ ಮಾತು ನಡೆದದ್ದನ್ನೇ ಹೇಳಿದರೂ ಸತ್ಯವಲ್ಲವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಸಾಕಾರಮಂತ್ರಭೇದದ ಹಿಂದೆ ಅಸೂಯೆಯಂತಹ ನಿಮಿತ್ತವಿರುವುದನ್ನೂ ಅವರು ಗುರುತಿಸಿದ್ದಾರೆ. ಮಾಹಿತಿ ಏಕೆ ಬೇಕೆಂದು ಅರ್ಜಿದಾರನನ್ನು ಕಾಯ್ದೆ ಕೇಳುವುದಿಲ್ಲ, ಕೇಳಲೂ ಬಾರದು. ನೆರೆಮನೆಯವರ ಕಾಯಿಲೆಯ ಕಡತವನ್ನು ಬಯಸುವ ಶ್ರಾವಕನು ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕು.

ಆದರೆ ಎಲ್ಲ ಕಡತವೂ ಅಂಥದ್ದಲ್ಲ. ಶಾಲೆಯ ಒಂದೇ ಬೀರುವಿನಲ್ಲಿ ದಾಖಲಾತಿ ಪುಸ್ತಕವೂ ಬಿಸಿಯೂಟದ ಲೆಕ್ಕವೂ ಇರುತ್ತವೆ. ಮೊದಲನೆಯದರಲ್ಲಿರುವ ಮಗುವಿನ ಜಾತಿ, ಜನ್ಮದಿನಾಂಕ, ಮನೆಯ ವಿವರಗಳು ಪಾಲಕರು ನಂಬಿ ಒಪ್ಪಿಸಿದ ನ್ಯಾಸ. ಮೂರು ದಶಕ ಅಂಥ ಪುಸ್ತಕಗಳನ್ನು ತುಂಬಿದ ನಾನು ಅದನ್ನು ಬೀದಿಗೆ ತರಲು ಒಪ್ಪಲಾರೆ. ಎರಡನೆಯದು ಊರಿನ ಅಕ್ಕಿಬೇಳೆಯ ಲೆಕ್ಕ. ಅಲ್ಲಿ ಕೂಟಲೇಖ ನುಸುಳಿದರೆ ತಟ್ಟೆ ಬರಿದಾಗುವುದು ಮಕ್ಕಳದು. ಲೆಕ್ಕ ಬರೆದವರ, ದಿನಸಿ ಒದಗಿಸಿದವರ ಹೆಸರಿದೆಯೆಂಬ ಕಾರಣಕ್ಕೆ ಅದನ್ನೂ ‘ವೈಯಕ್ತಿಕ’ವೆಂದರೆ, ಒಂದು ಅತಿಚಾರವನ್ನು ತಡೆಯುವ ನೆಪದಲ್ಲಿ ಇನ್ನೊಂದನ್ನು ಕಾಪಾಡಿದಂತಾಗುತ್ತದೆ. ತಿದ್ದುಪಡಿಯ ಬಗ್ಗೆ ನನ್ನ ಆಕ್ಷೇಪವಿರುವುದು ಇಲ್ಲಿಯೇ.

ದಾರಿ ಪೂರ್ತಿ ಮುಚ್ಚಿಲ್ಲ. ಹಾನಿಗಿಂತ ಸಾರ್ವಜನಿಕ ಹಿತ ಮಿಗಿಲಾದರೆ ಮಾಹಿತಿ ಕೊಡಬಹುದೆನ್ನುವ ಸೆಕ್ಷನ್ 8(2) ಉಳಿದಿದೆ. ಗೋಪ್ಯ ಭಾಗವನ್ನು ಬೇರ್ಪಡಿಸಿ ಉಳಿದುದನ್ನು ನೀಡಲು ಸೆಕ್ಷನ್ 10 ಅವಕಾಶ ಕೊಡುತ್ತದೆ. ಮಗುವಿನ ಹೆಸರಿನ ಸಾಲನ್ನು ಮರೆಮಾಡಿ ಅಕ್ಕಿಯ ಸಾಲನ್ನು ತೋರಿಸುವುದಕ್ಕೆ ಮಾಹಿತಿ ಅಧಿಕಾರಿಗೆ ಬೇಕಾಗುವುದು ಅರ್ಧ ಗಂಟೆಯ ಶ್ರಮ.