ಮಾತು ಮೊದಲು, ಚಿತ್ರವು ಆಮೇಲೆ

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ದೂರದೇಶಗಳಲ್ಲಿ ನೆಲಸಿರುವರು. ಅವರ ಮುಖವನ್ನು ಮೊಬೈಲಿನಲ್ಲಿ ಕಂಡು ಮಾತನಾಡುವುದು ಗೃಹಕೃತ್ಯಗಳಲ್ಲಿ ಒಂದಾಗಿ ಹೋಗಿದೆ. ವೈದ್ಯರ ಸಲಹೆಯನ್ನೂ ಹಲವರು ಈ ಮಾರ್ಗದಿಂದಲೇ ಪಡೆಯುತ್ತಿರುವರು. ಆದರೆ ನಡುವೆ ಚಿತ್ರವು ಸ್ತಬ್ಧವಾಗುವುದೂ ಮಾತು ತುಂಡುತುಂಡಾಗುವುದೂ ಸರ್ವರಿಗೂ ಅನುಭವಸಿದ್ಧವಷ್ಟೆ. ಇದರ ಕಾರಣವನ್ನೂ ಪರಿಹಾರವನ್ನೂ ಈ ತಿಂಗಳು ಸಂಗ್ರಹವಾಗಿ ವಿಚಾರಿಸುವೆವು.

ಇಂಟರ್ನೆಟ್ಟಿನಲ್ಲಿ ಮಾತು ಅಖಂಡ ಧಾರೆಯಾಗಿ ಹರಿಯುವುದಿಲ್ಲ. ಸಾಮಾನ್ಯವಾಗಿ ಒಂದು ಸೆಕೆಂಡಿನ ಮಾತನ್ನು 50 ಭಾಗಗಳಾಗಿ ವಿಭಾಗಿಸಿ, ಒಂದೊಂದನ್ನೂ ವಿಳಾಸ ಬರೆದ ಪೊಟ್ಟಣದಂತೆ ಕಳುಹಿಸುವರು. ಮನೆಯ ವೈಫೈ, ಸೇವಾ ಕಂಪನಿಯ ತಂತಿ, ಸಮುದ್ರತಳದ ಗಾಜಿನೆಳೆ, ಆಚೆಯ ದೇಶದ ಮೊಬೈಲ್ ಗೋಪುರ, ಹೀಗೆ ಭಿನ್ನಭಿನ್ನ ಒಡೆಯರ ಜಾಲಗಳನ್ನು ಅವು ದಾಟಬೇಕು. ಎಲ್ಲಿಯಾದರೂ ದಟ್ಟಣೆಯುಂಟಾದರೆ ಕೆಲವು ತಡವಾಗುವುವು. ಕೆಲವು ನಷ್ಟವೇ ಆಗುವುವು.

ಸಿನಿಮಾ ನೋಡುವವರಿಗೆ ಇದರಿಂದ ವಿಶೇಷ ಬಾಧೆಯಿಲ್ಲ. ಮುಂದಿನ ಭಾಗವನ್ನು ಮೊದಲೇ ಶೇಖರಿಸಬಹುದು. ಕಳೆದುದನ್ನು ಪುನಃ ತರಿಸಬಹುದು. ಸಂಭಾಷಣೆಗೆ ಈ ಸೌಕರ್ಯವಿಲ್ಲ. ಇನ್ನೂ ಆಡದ ಮಾತನ್ನು ಶೇಖರಿಸುವುದೆಂತು? ಬಾಯಿಯಿಂದ ಕಿವಿಗೆ 150 ಮಿಲಿಸೆಕೆಂಡುಗಳೊಳಗೆ ಮಾತು ತಲುಪುವುದು ಉತ್ತಮವೆಂದೂ 400ನ್ನು ಮೀರಬಾರದೆಂದೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಸೂಚಿಸಿದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಕ್ಕೆ ಸುಮಾರು 14,000 ಕಿಲೋಮೀಟರು. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುವುದರಿಂದ, ದಾರಿಯು ನೇರವಾಗಿದ್ದರೂ 70 ಮಿಲಿಸೆಕೆಂಡುಗಳು ಪ್ರಯಾಣಕ್ಕೇ ವ್ಯಯವಾಗುವುವು. ಉಳಿದ 80ರಲ್ಲಿ ಮಿಕ್ಕೆಲ್ಲ ವಿಳಂಬಗಳೂ ಅಡಗಬೇಕು.

ತಜ್ಞರು ಇದಕ್ಕೆ ಉಪಾಯಗಳನ್ನು ಹುಡುಕದೆ ಇಲ್ಲ. ದಾರಿಯುದ್ದಕ್ಕೂ ಸ್ಥಳವನ್ನು ಮುಂಚಿತವಾಗಿ ಕಾದಿರಿಸುವ ನಿಯಮವೊಂದು 1997ರಲ್ಲಿ ಪ್ರಕಟವಾಯಿತು. ಪ್ರತಿಯೊಂದು ಸಂಭಾಷಣೆಯನ್ನೂ ದಾರಿಯ ಯಂತ್ರಗಳೆಲ್ಲವೂ ನೆನಪಿಡಬೇಕಾದುದರಿಂದ ಅದು ವಿಶಾಲವಾದ ಇಂಟರ್ನೆಟ್ಟಿನಲ್ಲಿ ನೆಲೆಗೊಳ್ಳಲಿಲ್ಲ. 1998ರಲ್ಲಿ, ಪೊಟ್ಟಣದ ಮೇಲೆಯೇ ಅದರ ತುರ್ತನ್ನು ಗುರುತಿಸುವ ಸುಲಭಕ್ರಮವು ಬಂದಿತು. ಒಬ್ಬ ಒಡೆಯನ ಜಾಲದೊಳಗೆ ಇದು ಬಹೂಪಯೋಗಿ. ಎಲ್ಲೆಯನ್ನು ದಾಟಿದ ಮೇಲೆ ಮುಂದಿನವನು ಆ ಗುರುತನ್ನು ಮನ್ನಿಸಲೇಬೇಕೆಂಬ ಕಟ್ಟಳೆಯಿಲ್ಲ. ಭಾರತದಲ್ಲಿ 2018ರ ಜುಲೈಯಲ್ಲಿ ದೂರಸಂಪರ್ಕ ಆಯೋಗವು ಅಂಗೀಕರಿಸಿದ ತತ್ತ್ವದಂತೆ, ಸೇವಾ ಕಂಪನಿಗಳು ಒಂದು ವಿಷಯಕ್ಕೆ ವೇಗವನ್ನಿತ್ತು ಇನ್ನೊಂದನ್ನು ತಡೆಯಕೂಡದು. ದೂರದಿಂದ ನಡೆಸುವ ಶಸ್ತ್ರಚಿಕಿತ್ಸೆಯಂತಹ ವಿಶೇಷ ಸೇವೆಗಳಿಗೆ ಮಾತ್ರ ವಿನಾಯಿತಿಯುಂಟು. ಹಣವನ್ನು ನೋಡದೆ ಅಗತ್ಯವನ್ನು ನೋಡುವ ಈ ವಿವೇಚನೆಯು ಯುಕ್ತವೆಂದೇ ನಮ್ಮ ಅಭಿಪ್ರಾಯ.

ಆದುದರಿಂದ ಮನೆಯ ಸಾಮಾನ್ಯ ಕರೆಗೆ ದಾರಿಯುದ್ದದ ಭರವಸೆಯನ್ನು ಯಾರೂ ಕೊಡಲಾರರು. ಎರಡು ತುದಿಗಳಲ್ಲಿರುವವರೇ ವಿವೇಕದಿಂದ ನಡೆಯತಕ್ಕದ್ದು. ಸ್ಪಷ್ಟವಾದ ಮಾತಿಗೆ ಸೆಕೆಂಡಿಗೆ 20–30 ಕಿಲೋಬಿಟ್ಟುಗಳು ಸಾಕು; ಒಳ್ಳೆಯ ಚಿತ್ರಕ್ಕೆ ಹಲವು ನೂರು ಬೇಕು. ದಾರಿಯು ಇಕ್ಕಟ್ಟಾದಾಗ ಮೊದಲು ತ್ಯಜಿಸಬೇಕಾದುದು ಚಿತ್ರವೇ ಹೊರತು ಮಾತಲ್ಲ. ಅದೇ ಹೊತ್ತಿಗೆ ಮನೆಯಲ್ಲಿ ಮತ್ತೊಬ್ಬರು ನೋಡುತ್ತಿರುವ ಸಿನಿಮಾವನ್ನು ನಿಲ್ಲಿಸುವುದೂ ಲೇಸು.

ವೈದ್ಯರೊಡನೆ ಮಾತನಾಡುವಾಗಲಂತೂ ಇದು ಅವಶ್ಯವಾದುದು. ನಮ್ಮ ಭಾಷೆಯಲ್ಲಿ ನಿಷೇಧವು ಕ್ರಿಯಾಪದದ ಕೊನೆಯಲ್ಲಿ ಬರುವುದು. ‘ಈ ಗುಳಿಗೆಯನ್ನು ಕೊಡಬೇಕು’, ‘ಈ ಗುಳಿಗೆಯನ್ನು ಕೊಡಬಾರದು’ ಎಂಬೆರಡಕ್ಕೂ ಭೇದವಿರುವುದು ತುದಿಯ ಎರಡು ಮೂರು ಅಕ್ಷರಗಳಲ್ಲಿ. ಕೆಲವೇ ಪೊಟ್ಟಣಗಳು ದಾರಿಯಲ್ಲಿ ನಷ್ಟವಾದರೆ ಆ ಅಕ್ಷರಗಳು ಕೇಳಿಸವು. ಚಿತ್ರವನ್ನು ನಿಲ್ಲಿಸಿ, ಔಷಧದ ಹೆಸರನ್ನೂ ಪ್ರಮಾಣವನ್ನೂ ವೇಳೆಯನ್ನೂ ಬರೆದುಕೊಂಡು, ವೈದ್ಯರಿಗೆ ಒಮ್ಮೆ ಓದಿ ಹೇಳಿ, ಅವರು ಸರಿಯೆಂದ ಮೇಲೆಯೇ ಕರೆಯನ್ನು ಮುಗಿಸುವುದು ಗೃಹಸ್ಥರ ಕರ್ತವ್ಯ.